ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞೆಯಾಗಲು ಕಲಬುರಗಿ ಭಾಗದಲ್ಲಿ ಯಾವ ತರಬೇತಿಯನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ: ಸೇಡಂನ ವಿದ್ಯಾರ್ಥಿನಿ

ಎಲ್ಲ ಹಿರಿಯರಿಗೆ ನಮಸ್ಕಾರಗಳು. ನಾನು ಸೇಡಂ ತಾಲ್ಲೂಕಿನವಳು. ಈ ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ವಿಷಯಗಳೊಂದಿಗೆ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ನೀಟ್‌ನಲ್ಲಿ ವೈದ್ಯಕೀಯ ಸೀಟು ದೊರೆಯುವಷ್ಟು ಅಂಕ ಬಂದಿಲ್ಲ. ತಂದೆಯವರು ತೊಗರಿ ಬೆಳೆಯುವ ರೈತರು. ಇನ್ನೊಂದು ವರ್ಷ ಕೋಚಿಂಗ್‌ಗೆ ಹಣ ಹೊಂದಿಸುವುದು ನಮ್ಮ ಮನೆಯಲ್ಲಿ ಆಗದ ಮಾತು. ಆಪರೇಷನ್ ಥಿಯೇಟರ್‌ನಲ್ಲಿ (ಓಟಿ) ಶಸ್ತ್ರವೈದ್ಯರಿಗೂ ಅರಿವಳಿಕೆ ತಜ್ಞರಿಗೂ ನೆರವಾಗಿ ನಿಲ್ಲುವ ತಂತ್ರಜ್ಞರ ಕೆಲಸ ನನಗೆ ತುಂಬಾ ಇಷ್ಟವಾಗಿದೆ, ಅದನ್ನೇ ಓದಬೇಕೆಂದು ನಿರ್ಧರಿಸಿದ್ದೇನೆ.

ಆದರೆ ದಾರಿ ಯಾವುದೆಂದು ತಿಳಿಯುತ್ತಿಲ್ಲ. ಸೋದರಮಾವನವರು ನರ್ಸಿಂಗ್ ಮಾಡು ಎನ್ನುತ್ತಾರೆ. ಪರಿಚಯದವರೊಬ್ಬರು ಡಿಪ್ಲೊಮಾ ಸಾಕು ಎನ್ನುತ್ತಾರೆ. ಒಂದು ಸಂಸ್ಥೆಯವರು ಮನೆಗೇ ಫೋನ್ ಮಾಡಿ, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದರೆ ಕೂಡಲೇ ನೌಕರಿ ಕೊಡಿಸುತ್ತೇವೆಂದು ತಂದೆಯವರಿಗೆ ಹೇಳಿದ್ದಾರೆ. ಇವುಗಳಲ್ಲಿ ಯಾವುದು ಸರಿ? ನಿಜವಾದ ಕೆಲಸ ಹೇಗಿರುತ್ತದೆ? ರಾತ್ರಿ ಪಾಳಿಯ ಬಗ್ಗೆ ತಾಯಿಯವರಿಗೆ ಅಂಜಿಕೆ ಇದೆ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕಲಬುರಗಿಯ ಅರಿವಳಿಕೆ ಮತ್ತು ಓಟಿ ತಂತ್ರಜ್ಞ

ತಂಗಿ, ಆ ಆರು ತಿಂಗಳ ಕೋರ್ಸಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ತಂದೆಯವರು ಹಣ ಕಟ್ಟುವ ಮೊದಲೇ ಇದು ಅವರಿಗೆ ತಿಳಿದಿರಬೇಕು. ಸಹಾಯಕ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯ್ದೆಯನ್ನು ಸಂಸತ್ತು 2021ರಲ್ಲಿ ಅಂಗೀಕರಿಸಿತು. ಓಟಿ ತಂತ್ರಜ್ಞರು ಮತ್ತು ಅರಿವಳಿಕೆ ಸಹಾಯಕರು ಆ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಸಹಾಯಕ ಆರೋಗ್ಯ ವೃತ್ತಿಪರರೆನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆ ಕಲಿತ ಡಿಪ್ಲೊಮಾ ಅಥವಾ ಪದವಿ ಇರಬೇಕೆಂದು ಅದು ಹೇಳುತ್ತದೆ. ಆರೋಗ್ಯ ರಕ್ಷಣಾ ವೃತ್ತಿಪರರೆಂಬ ಇನ್ನೊಂದು ವರ್ಗಕ್ಕೆ ಮೂರರಿಂದ ಆರು ವರ್ಷಗಳ, ಕನಿಷ್ಠ 3,600 ಗಂಟೆಗಳ ಪದವಿ ಬೇಕು. ಆರು ತಿಂಗಳಲ್ಲಿ ಕೊಡುವ ಸರ್ಟಿಫಿಕೇಟ್ ಈ ಎರಡರಲ್ಲಿ ಯಾವುದಕ್ಕೂ ಸಾಲದು. ಅದನ್ನು ನಂಬಿ ಇಂದು ಯಾವುದೋ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೂ ನಾಳೆ ನೋಂದಣಿ ಕೇಳಿದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಉಳಿದದ್ದು ಎರಡು ದಾರಿಗಳು. ಕರ್ನಾಟಕದ ಅರೆವೈದ್ಯಕೀಯ ಮಂಡಳಿಯ ಅಡಿಯಲ್ಲಿ ನಡೆಯುವ ಡಿಪ್ಲೊಮಾವನ್ನು ಎಸ್‌ಎಸ್‌ಎಲ್‌ಸಿ ಮುಗಿಸಿದವರೂ ಸೇರಬಹುದು, ಪಿಯುಸಿ ವಿಜ್ಞಾನ ಓದಿದವರೂ ಸೇರಬಹುದು. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನ ಪದವಿ. ಇದರಲ್ಲಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಿಮ್ಮ ಬಳಿ ಜೀವಶಾಸ್ತ್ರದೊಂದಿಗೆ ಪಿಯುಸಿ ಇರುವುದರಿಂದ ಪದವಿಯನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅಂಗರಚನೆ, ಶರೀರಕ್ರಿಯೆ ಮತ್ತು ಔಷಧಶಾಸ್ತ್ರವನ್ನು ಆಳವಾಗಿ ಕಲಿತವರಿಗೆ ಮಾನಿಟರ್‌ನಲ್ಲಿ ಅಂಕಿ ಏಕೆ ಇಳಿಯುತ್ತಿದೆ ಎಂಬುದು ತಿಳಿಯುತ್ತದೆ, ಮುಂದೆ ಎಂ.ಎಸ್ಸಿ. ಮಾಡಲು, ಪಾಠ ಹೇಳಲು ಸಹ ಬಾಗಿಲು ತೆರೆದಿರುತ್ತದೆ. ಡಿಪ್ಲೊಮಾ ಮಾಡಿದವರಲ್ಲಿ ಅತ್ಯಂತ ನಿಪುಣರಾದವರನ್ನು ನಾನು ಬಲ್ಲೆ. ಅವರ ಕೌಶಲ ಕಡಿಮೆಯೆಂದು ಈ ಮಾತು ಹೇಳುತ್ತಿಲ್ಲ. ನಿಮಗೆ ನಾಲ್ಕು ವರ್ಷ ಕೊಡಲು ಸಾಧ್ಯವಿದ್ದರೆ ಕೊಡಿ ಎಂದಷ್ಟೇ ಹೇಳುತ್ತಿದ್ದೇನೆ.

ಆದರೆ ಡಿಪ್ಲೊಮಾವೋ ಪದವಿಯೋ ಎನ್ನುವುದಕ್ಕಿಂತಲೂ ದೊಡ್ಡ ಪ್ರಶ್ನೆ ಒಂದಿದೆ, ಅದನ್ನು ಸೇರುವವರಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ: ನೀವು ಕಲಿಯುವ ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ, ಎಷ್ಟು ಬಗೆಯವು ನಡೆಯುತ್ತವೆ, ಅಲ್ಲಿ ವಿದ್ಯಾರ್ಥಿಗಳನ್ನು ಟೇಬಲ್ಲಿನ ಹತ್ತಿರ ನಿಲ್ಲಿಸುತ್ತಾರೋ ಗೋಡೆಯ ಹತ್ತಿರ ನಿಲ್ಲಿಸುತ್ತಾರೋ? ರೊಟ್ಟಿ ಬಡಿಯುವುದನ್ನು ದೂರದಿಂದ ನೋಡಿ ಕಲಿತವರು ಯಾರೂ ಇಲ್ಲ. ಓಟಿ ಕೆಲಸವೂ ಹಾಗೆಯೇ ಕೈಯಿಂದ ಬರಬೇಕು. ಕಟ್ಟಡ ಚೆನ್ನಾಗಿದ್ದು ಸ್ವಂತ ಆಸ್ಪತ್ರೆ ಇಲ್ಲದ, ಬೇರೆಲ್ಲೋ ಒಪ್ಪಂದ ಮಾಡಿಕೊಂಡಿದ್ದೇವೆ ಎಂದು ಹೇಳುವ ಸಂಸ್ಥೆಯಾದರೆ ಆ ಒಪ್ಪಂದದ ಆಸ್ಪತ್ರೆಗೆ ನೀವೇ ಹೋಗಿ ನೋಡಿ. ಆ ದಿನದ ಶಸ್ತ್ರಚಿಕಿತ್ಸೆಗಳ ಪಟ್ಟಿಯನ್ನು ಬಹುತೇಕ ಓಟಿಗಳಲ್ಲಿ ಹಾಕಿರುತ್ತಾರೆ, ಅದರಲ್ಲಿ ಎಷ್ಟು ಸಾಲುಗಳಿವೆ ಎಂದು ಕೇಳಿ. ಸಾಮಾನ್ಯ ಶಸ್ತ್ರಚಿಕಿತ್ಸೆ, ಮೂಳೆ, ಹೆರಿಗೆ, ಕಿವಿ-ಮೂಗು-ಗಂಟಲು ಎಲ್ಲವೂ ನಡೆಯುತ್ತವೆಯೇ ನೋಡಿ. ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು, ಅರಿವಳಿಕೆ ಯಂತ್ರದ ತಪಾಸಣೆಯನ್ನು ಸ್ವತಃ ಮಾಡಿದ್ದೀರಾ ಎಂದು ಕೇಳಿದರೆ ಸಾಕು, ಅವರ ಮುಖವೇ ಉತ್ತರ ಹೇಳುತ್ತದೆ.

ಕಲಬುರಗಿಯಲ್ಲಿ ಈ ದೃಷ್ಟಿಯಿಂದ ನಮಗೆ ಕೊರತೆಯಿಲ್ಲ. ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾದ ಜಿಮ್ಸ್ ಇದೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಮತ್ತು ಅದರ ಬಸವೇಶ್ವರ ಆಸ್ಪತ್ರೆ ಇದೆ. ಇಎಸ್‌ಐ ವೈದ್ಯಕೀಯ ಕಾಲೇಜು, ಖಾಜಾ ಬಂದೇನವಾಜ್ ವೈದ್ಯಕೀಯ ಕಾಲೇಜುಗಳಿವೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆಗಳ ಶಾಖೆಗಳಿವೆ. ಯಾವ ಕಾಲೇಜಿನಲ್ಲಿ ಈ ಕೋರ್ಸಿಗೆ ಆ ವರ್ಷ ಅನುಮತಿ ಇದೆ, ಎಷ್ಟು ಸೀಟುಗಳಿವೆ ಎಂಬುದು ಕಾಲಕಾಲಕ್ಕೆ ಬದಲಾಗುವ ಕಾರಣ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಸಂಯೋಜಿತ ಕಾಲೇಜುಗಳ ಪಟ್ಟಿಯನ್ನೇ ನೋಡಬೇಕು, ಏಜೆಂಟರ ಕರಪತ್ರವನ್ನಲ್ಲ. ಇನ್ನೊಂದು ಮಾತು: ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹೃದಯ-ಶ್ವಾಸಕೋಶ ಯಂತ್ರವನ್ನು ನಡೆಸುವವರು ಪರ್ಫ್ಯೂಷನ್ ತಂತ್ರಜ್ಞರು, ಅದು ಬೇರೆಯೇ ಪದವಿ. ಎರಡನ್ನೂ ಒಂದೆಂದು ಭಾವಿಸಿ ಸೇರಿ ಆಮೇಲೆ ಬೇಸರಪಟ್ಟವರಿದ್ದಾರೆ.

ಕೆಲಸ ಹೇಗಿರುತ್ತದೆ ಎಂದು ಕೇಳಿದಿರಿ. ಮೊದಲ ರೋಗಿ ಒಳಗೆ ಬರುವುದಕ್ಕೆ ಬಹಳ ಮುಂಚೆಯೇ ನಮ್ಮ ದಿನ ಆರಂಭವಾಗುತ್ತದೆ. ಬಾಯ್ಲ್ಸ್ ಯಂತ್ರವೆಂದು ಈಗಲೂ ಎಲ್ಲರೂ ಕರೆಯುವ ಅರಿವಳಿಕೆ ಯಂತ್ರದಲ್ಲಿ ಆಮ್ಲಜನಕದ ಒತ್ತಡ ಸರಿಯಾಗಿದೆಯೇ, ಪೈಪ್‌ಲೈನ್ ಕೈಕೊಟ್ಟರೆ ಬಳಸಬೇಕಾದ ಸಿಲಿಂಡರ್ ತುಂಬಿದೆಯೇ, ಉಸಿರಾಟದ ಸರ್ಕ್ಯೂಟಿನಲ್ಲಿ ಸೋರಿಕೆ ಇದೆಯೇ, ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾಲೈಮ್ ಬಣ್ಣ ಬದಲಾಗಿದೆಯೇ ಎಂದು ನೋಡಬೇಕು. ಆಮ್ಲಜನಕದ ಸಿಲಿಂಡರಿಗೆ ಕಪ್ಪು ಮೈ, ಬಿಳಿ ಭುಜ. ನೈಟ್ರಸ್ ಆಕ್ಸೈಡಿಗೆ ನೀಲಿ. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಿನ್‌ಗಳ ವ್ಯವಸ್ಥೆಯೇ ಇದೆ, ಆದರೂ ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳುವುದನ್ನು ಬಿಡುವಂತಿಲ್ಲ. ಬಾಯಿ-ಗಂಟಲಿನ ದ್ರವ ಹೀರುವ ಸಕ್ಷನ್ ಎಳೆಯುತ್ತಿರಬೇಕು, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬು ಉರಿಯುತ್ತಿರಬೇಕು, ಉಸಿರುನಳಿಕೆಗಳು ಅಳತೆವಾರು ಕೈಗೆ ಸಿಗುವಂತಿರಬೇಕು, ಯಂತ್ರವೇ ನಿಂತುಹೋದರೂ ಉಸಿರು ಕೊಡಲು ಆಂಬು ಬ್ಯಾಗ್ ಪಕ್ಕದಲ್ಲೇ ಇರಬೇಕು. ರೋಗಿಯನ್ನು ಟೇಬಲ್ಲಿನ ಮೇಲೆ ಸರಿಯಾದ ಭಂಗಿಯಲ್ಲಿ ಮಲಗಿಸುವುದು, ಮೊಣಕೈ ಮತ್ತು ಹಿಮ್ಮಡಿಯ ಅಡಿಯಲ್ಲಿ ಮೆತ್ತೆ ಇಡುವುದು, ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಕಾಟರಿ ಉಪಕರಣದ ಪ್ಲೇಟನ್ನು ಚರ್ಮಕ್ಕೆ ಪೂರ್ತಿ ಅಂಟುವಂತೆ ಹಾಕುವುದು, ಇವೆಲ್ಲವೂ ನಮ್ಮ ಜವಾಬ್ದಾರಿಗಳಲ್ಲಿ ಸೇರುತ್ತವೆ. ಪ್ಲೇಟು ಅರ್ಧ ಅಂಟಿದ್ದರೆ ಅಲ್ಲಿಯೇ ಚರ್ಮ ಸುಡುತ್ತದೆ, ಪ್ರಜ್ಞೆಯಿಲ್ಲದ ರೋಗಿ ಅದನ್ನು ಹೇಳಲಾರರು. ಹೇಳಲಾಗದವರ ಪರವಾಗಿ ಮೊದಲೇ ಯೋಚಿಸಿಟ್ಟಿರುವುದನ್ನೇ ನಾಲ್ಕು ವರ್ಷ ಕಲಿಯಬೇಕು.

ಉತ್ತರ 2: ಬೀದರಿನ ಓಟಿ ಶುಶ್ರೂಷಾಧಿಕಾರಿ

ಮಗಳೇ, ಮೇಲಿನ ಸಹೋದರರು ವಿವರವಾಗಿ ಬರೆದಿದ್ದಾರೆ. ನಾನು ನರ್ಸಿಂಗ್ ದಾರಿಯಿಂದ ಓಟಿಗೆ ಬಂದವಳಾದ್ದರಿಂದ ಆ ಬದಿಯನ್ನು ಹೇಳುತ್ತೇನೆ. ನಿಮ್ಮ ಸೋದರಮಾವನವರ ಮಾತಿನಲ್ಲಿ ತಿರುಳಿದೆ. ನರ್ಸಿಂಗ್ ಓದಿದವರು ವಾರ್ಡು, ಐಸಿಯು, ಹೆರಿಗೆ ಕೋಣೆ, ಓಟಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಸರ್ಕಾರಿ ಹುದ್ದೆಗಳ ಸಂಖ್ಯೆಯೂ ಹೆಚ್ಚು. ಆದರೆ ಎಲ್ಲಿಗೆ ಹಾಕುತ್ತಾರೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಓಟಿಯೇ ಬೇಕು, ಬೇರೆಡೆ ಮನಸ್ಸಿಲ್ಲ ಎನ್ನುವವರಿಗೆ ತಂತ್ರಜ್ಞರ ಪದವಿ ನೇರವಾದ ದಾರಿ. ರೋಗಿಯ ಹಾಸಿಗೆಯ ಬಳಿ ದಿನವಿಡೀ ಇರುವುದು ಇಷ್ಟವೋ, ಯಂತ್ರ-ಉಪಕರಣಗಳ ಬಳಿ ಇರುವುದು ಇಷ್ಟವೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಎರಡೂ ದಾರಿಯವರು ಒಂದೇ ಕಡೆ ಸೇರುವ ವಿಷಯ ಶುದ್ಧತೆ. ಅದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ಹೊಸಬರು ಇದನ್ನು ಕೆಳಗಿನ ಕೆಲಸವೆಂದು ತಿಳಿದು ಬಿಡುತ್ತಾರೆ. ಹಬೆಯಿಂದ ರೋಗಾಣು ಕೊಲ್ಲುವ ಸಾಮಾನ್ಯ ಆಟೋಕ್ಲೇವ್ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖ, ಚದರ ಇಂಚಿಗೆ 15 ಪೌಂಡ್ ಒತ್ತಡ ಬಂದ ಮೇಲೆ 15ರಿಂದ 20 ನಿಮಿಷ ಬಿಡಬೇಕು. ನಿರ್ವಾತದ ಯಂತ್ರಗಳಲ್ಲಿ 134 ಡಿಗ್ರಿಯಲ್ಲಿ ಕೆಲವೇ ನಿಮಿಷ ಸಾಕು. ಬಟ್ಟೆ ತುಂಬಿದ ಡ್ರಮ್ಮಿನ ಮೇಲೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾದವೆಂದರೆ ಆ ಡ್ರಮ್ ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ, ಒಳಗಿನ ಬಟ್ಟೆಯ ನಡುಮಡಿಕೆಯವರೆಗೆ ಹಬೆ ತಲುಪಿದೆ ಎಂದಲ್ಲ. ಅದಕ್ಕೇ ನಿರ್ವಾತದ ಯಂತ್ರಕ್ಕೆ ದಿನದ ಮೊದಲ ಸುತ್ತಿನಲ್ಲಿ ಹಬೆ ಒಳಗೆ ಹೊಕ್ಕಿದೆಯೇ ಎಂದು ತೋರಿಸುವ ಬೋವಿ-ಡಿಕ್ ಪರೀಕ್ಷೆ ಮಾಡುತ್ತಾರೆ, ನಿಯಮಿತವಾಗಿ ಜೀವಾಣು ಬೀಜಕಗಳಿರುವ ಸೂಚಕವನ್ನು ಒಳಗಿಟ್ಟು ಅವು ಸತ್ತಿವೆಯೇ ಎಂದು ನೋಡುತ್ತಾರೆ. ಹೊರಗೆ ಬಂದ ಗಂಟು ಒದ್ದೆಯಾಗಿದ್ದರೆ ಅದು ಶುದ್ಧವಲ್ಲ, ಎಷ್ಟೇ ಅವಸರವಿದ್ದರೂ ಮತ್ತೆ ಹಾಕಬೇಕು. ಶಾಖ ತಾಳದ ಸಾಮಗ್ರಿಗಳಿಗೆ ಇಟಿಒ (ಎಥಿಲೀನ್ ಆಕ್ಸೈಡ್) ಅನಿಲ ಬಳಸುತ್ತಾರೆ, ಆಮೇಲೆ ಆ ಅನಿಲ ಪೂರ್ತಿ ಹೋಗುವವರೆಗೆ ಕಾಯಬೇಕು. ನೀವು ಸೇರುವ ಕಾಲೇಜು ವಿದ್ಯಾರ್ಥಿಗಳನ್ನು ಕೇಂದ್ರೀಯ ಸ್ಟೆರಿಲೈಸೇಷನ್ ವಿಭಾಗಕ್ಕೆ ಸರದಿಯ ಮೇಲೆ ಕಳುಹಿಸುತ್ತದೆಯೇ ಎಂದು ತಪ್ಪದೆ ಕೇಳಿ.

ಇನ್ನು ಎಣಿಕೆ. ಹೊಟ್ಟೆ ತೆರೆಯುವ ಮೊದಲು, ಮುಚ್ಚುವ ಮೊದಲು, ಚರ್ಮ ಹೊಲಿಯುವ ಹೊತ್ತಿಗೆ ರಕ್ತ ಒರೆಸುವ ಮಾಪ್ ಮತ್ತು ಗಾಜ್ ಬಟ್ಟೆ, ಸೂಜಿ, ಉಪಕರಣಗಳನ್ನು ಇಬ್ಬರು ಸೇರಿ, ಬಾಯಿಬಿಟ್ಟು ಎಣಿಸಬೇಕು. ಒಂದು ಮಾಪ್ ಕಡಿಮೆ ಬಂದರೆ ಹಿರಿಯ ಶಸ್ತ್ರವೈದ್ಯರು ಎಷ್ಟೇ ಅವಸರದಲ್ಲಿದ್ದರೂ "ಸರ್, ಎಣಿಕೆ ಸರಿಯಿಲ್ಲ, ಮುಚ್ಚಬೇಡಿ" ಎಂದು ಹೇಳುವ ಗಟ್ಟಿತನ ನಿಮಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿ ಹೊರಗೆ ಹೋಗುವ ಮೊದಲು ಹೀಗೆ ಮೂರು ಸಲ ಎಲ್ಲರೂ ನಿಂತು ಅದನ್ನು ಓದಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ, ತೊಡಕುಗಳ ಪ್ರಮಾಣ ಶೇ. 11ರಿಂದ ಶೇ. 7ಕ್ಕೆ ಇಳಿದಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಕೇಳಬೇಕಾದ್ದನ್ನು ಕೇಳಿದ್ದರಿಂದ ಆದ ಬದಲಾವಣೆ ಅದು. ಓಟಿಯಲ್ಲಿ ಮಾತನಾಡಲು ಅಂಜುವ ಹುಡುಗಿಯರಿಗೆ ನಾನು ಮತ್ತೆ ಮತ್ತೆ ಹೇಳುವ ವಿಷಯ ಇದೊಂದೇ.

ತಾಯಿಯವರ ಅಂಜಿಕೆ ಸಹಜ. ರಾತ್ರಿ ಪಾಳಿ ಇದ್ದೇ ಇರುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಓಟಿಯಲ್ಲಿ ನೀವು ಒಬ್ಬರೇ ಇರುವುದಿಲ್ಲ, ಯಾವಾಗಲೂ ತಂಡದೊಂದಿಗೆ ಇರುತ್ತೀರಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಪ್ರತ್ಯೇಕ ಕೋಣೆ, ಡ್ಯೂಟಿ ಕೋಣೆ, ಹಾಸ್ಟೆಲ್‌ನಿಂದ ಹೋಗಿಬರುವ ವ್ಯವಸ್ಥೆ ಹೇಗಿದೆ ಎಂದು ಸೇರುವ ಮೊದಲೇ ತಾಯಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ತೆಗೆದುಕೊಳ್ಳಬೇಕು. ಓಟಿಗೆ ಕಾಲಿಡುವ ಮೊದಲೇ ಅದನ್ನು ಆರಂಭಿಸಿ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಸಿ-ಆರ್ಮ್ ಎಕ್ಸ್‌ರೇ ಬಳಸುವಾಗ ಸೀಸದ ಏಪ್ರನ್ ಇಲ್ಲದೆ ಒಳಗೆ ನಿಲ್ಲಲು ಯಾರು ಹೇಳಿದರೂ ಒಪ್ಪಬೇಡಿ.

ಉತ್ತರ 3: ಯಾದಗಿರಿಯ ಅರಿವಳಿಕೆ ತಜ್ಞ

ನುರಿತ ತಂತ್ರಜ್ಞರು ಪಕ್ಕದಲ್ಲಿ ಇದ್ದರೆ ವೈದ್ಯರಿಗೆ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಒಂದೇ ಉದಾಹರಣೆಯಿಂದ ಹೇಳಬಯಸುತ್ತೇನೆ. ನಮ್ಮಂಥ ಜಿಲ್ಲೆಗಳಲ್ಲಿ ಮಧ್ಯರಾತ್ರಿ ದೂರದ ಹಳ್ಳಿಯಿಂದ ತುರ್ತು ಸಿಸೇರಿಯನ್‌ಗೆ ಗರ್ಭಿಣಿ ಬರುವುದು ಅಪರೂಪವಲ್ಲ. ಬೆನ್ನಿಗೆ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಇಳಿಯಬಹುದು. ಗರ್ಭಕೋಶ ದೊಡ್ಡ ರಕ್ತನಾಳಗಳನ್ನು ಒತ್ತದಂತೆ ಬಲ ಸೊಂಟದ ಅಡಿ ಮೆತ್ತೆಯಿಟ್ಟು ಎಡಕ್ಕೆ ವಾಲಿಸಿರಬೇಕು, ಒತ್ತಡ ಏರಿಸುವ ಔಷಧ ಸಿರಿಂಜಿನಲ್ಲಿ ಹೆಸರು ಬರೆದು ಸಿದ್ಧವಾಗಿರಬೇಕು. ಚುಚ್ಚುಮದ್ದು ಸಾಲದೆ ಪೂರ್ಣ ಅರಿವಳಿಕೆಗೆ ಹೋಗಬೇಕಾಗಿ ಬಂದರೆ ಗರ್ಭಿಣಿಯ ಗಂಟಲು ಊದಿಕೊಂಡಿರುವ ಸಾಧ್ಯತೆ ಇರುವುದರಿಂದ ಮಾಮೂಲಿಗಿಂತ ಸಣ್ಣ ನಳಿಕೆ, ನಳಿಕೆಗೆ ದಾರಿ ತೋರುವ ಬೂಜಿ ಎಂಬ ಕಡ್ಡಿ, ಚಾಲೂ ಇರುವ ಸಕ್ಷನ್ ಎಲ್ಲವೂ ಕೈಗೆ ಸಿಗಬೇಕು. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗದಂತೆ ಕತ್ತಿನ ಕ್ರೈಕಾಯ್ಡ್ ಮೃದ್ವಸ್ಥಿಯ ಮೇಲೆ ಒತ್ತಿಹಿಡಿಯುವ ಕೈ ಬಹಳ ಸಲ ತಂತ್ರಜ್ಞರದೇ. ನಳಿಕೆ ಸರಿಯಾಗಿ ಕೂತಿದೆ ಎಂದು ನಾನು ಹೇಳುವವರೆಗೆ ಆ ಕೈ ಸಡಿಲವಾಗಬಾರದು.

ಇಷ್ಟನ್ನೂ ನಾನು ಕೇಳಿದ ಮೇಲೆ ಹುಡುಕುವವರು ಇದ್ದರೆ ಆ ರಾತ್ರಿ ಬೇರೆ, ಕೇಳುವ ಮೊದಲೇ ಸಿದ್ಧಪಡಿಸಿದವರು ಇದ್ದರೆ ಬೇರೆ. ಆದ್ದರಿಂದಲೇ, ಸಾಕಷ್ಟು ಹೆರಿಗೆ ಶಸ್ತ್ರಚಿಕಿತ್ಸೆಗಳೂ ತುರ್ತು ಪ್ರಕರಣಗಳೂ ಬರುವ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್ ಮಾಡಿ ಎನ್ನುತ್ತೇನೆ. ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗಳು ಮಾತ್ರ ನಡೆಯುವ ಅಚ್ಚುಕಟ್ಟಾದ ಆಸ್ಪತ್ರೆಯಲ್ಲಿ ಕಲಿತವರಿಗೆ ಈ ತಯಾರಿ ಬರಲು ಬಹಳ ಕಾಲ ಹಿಡಿಯುತ್ತದೆ. ಜೊತೆಗೆ ಒಂದು ಎಚ್ಚರಿಕೆ: ಅರಿವಳಿಕೆ ಕೊಡುವುದು ವೈದ್ಯರ ಕೆಲಸ. ವೈದ್ಯರಿಲ್ಲದಾಗ ನೀವೇ ಕೊಟ್ಟುಬಿಡಿ ಎಂದು ಯಾವುದೇ ಆಸ್ಪತ್ರೆ ಹೇಳಿದರೆ, ಅದು ನಿಮ್ಮ ನಿಪುಣತೆಗೆ ಸಂದ ಗೌರವವೆಂದು ಭಾವಿಸದೆ ಸ್ಪಷ್ಟವಾಗಿ ನಿರಾಕರಿಸಿ.

ಪ್ರಶ್ನೆ ಕೇಳಿದವರು: ಸೇಡಂನ ವಿದ್ಯಾರ್ಥಿನಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ತಂದೆಯವರಿಗೂ ತಾಯಿಯವರಿಗೂ ಓದಿ ಹೇಳಿದೆ. ಆರು ತಿಂಗಳ ಕೋರ್ಸಿನ ವಿಚಾರವನ್ನು ತಂದೆಯವರು ಕೈಬಿಟ್ಟಿದ್ದಾರೆ. ಉಳಿದಿರುವ ಎರಡು ಸಂದೇಹಗಳನ್ನು ಕೇಳುತ್ತೇನೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪದವಿಯ ಪಠ್ಯವೆಲ್ಲ ಇಂಗ್ಲಿಷಿನಲ್ಲಿರುತ್ತದೆ ಎಂದು ಕೇಳಿದ್ದೇನೆ. ಹಾಗೆಯೇ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಇರುವ ಮೀಸಲಾತಿ ಮತ್ತು ವಿದ್ಯಾರ್ಥಿವೇತನ ಈ ಕೋರ್ಸಿಗೆ ಅನ್ವಯಿಸುತ್ತವೆಯೇ?

ಉತ್ತರ 4: ಆಳಂದದ ವಿದ್ಯಾರ್ಥಿ, ಬಿ.ಎಸ್ಸಿ. ಎರಡನೆಯ ವರ್ಷ

ಅಕ್ಕಾ, ನಾನೂ ಕನ್ನಡ ಮಾಧ್ಯಮದವನೇ. ಮೊದಲ ಆರು ತಿಂಗಳು ಕಷ್ಟವಾಗುವುದು ನಿಜ. ನಾನು ಪ್ರತಿ ಅಧ್ಯಾಯವನ್ನೂ ಮೊದಲು ಕನ್ನಡದಲ್ಲಿ ನನ್ನ ಮಾತಿನಲ್ಲೇ ಬರೆದುಕೊಂಡು, ಆಮೇಲೆ ಪಠ್ಯಪುಸ್ತಕದ ಪದಗಳನ್ನು ಅದರೊಳಗೆ ಸೇರಿಸುತ್ತಾ ಓದಿದೆ. ಉಪಕರಣಗಳ ಹೆಸರುಗಳು ಪುಸ್ತಕದಿಂದ ನೆನಪಿನಲ್ಲಿ ಉಳಿಯಲಿಲ್ಲ. ಓಟಿಯಲ್ಲಿ ಟ್ರಾಲಿ ಜೋಡಿಸುವಾಗ ಆರ್ಟರಿ ಫೋರ್ಸೆಪ್ಸ್, ಆಲಿಸ್, ಬ್ಯಾಬ್ಕಾಕ್ ಎಂದು ಒಂದೊಂದನ್ನೂ ಕೈಯಲ್ಲಿ ಹಿಡಿದು ಹೇಳಿಕೊಂಡ ಮೇಲೆ ಮರೆಯಲಿಲ್ಲ. ರೋಗಿಗಳ ಜೊತೆ ಮಾತನಾಡುವುದು ಕನ್ನಡ, ಉರ್ದು, ತೆಲುಗಿನಲ್ಲಿಯೇ. ಅಂಜಿಕೊಂಡು ನಡುಗುತ್ತಿರುವ ಅಜ್ಜಿಗೆ ನಮ್ಮ ಕಡೆಯ ಮಾತಿನಲ್ಲಿ ಧೈರ್ಯ ಹೇಳಬಲ್ಲವರಿಗೆ ಇಲ್ಲಿ ಬೆಲೆ ಇದೆ.

ಉತ್ತರ 5: ಕಲಬುರಗಿಯ ಅರಿವಳಿಕೆ ಮತ್ತು ಓಟಿ ತಂತ್ರಜ್ಞ

371(ಜೆ) ವಿಷಯ ಹೀಗಿದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳ ಮೀಸಲಾತಿ ಇದೆ. ಈ ಭಾಗದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಸಿ ದರ್ಜೆಗೆ ಶೇ. 80ರಷ್ಟು ಸ್ಥಳೀಯರಿಗೇ ಮೀಸಲು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸೇಡಂ ಉಪವಿಭಾಗ ಕೇಂದ್ರವಾಗಿರುವುದರಿಂದ ನೀವು ಕಲಬುರಗಿಯವರೆಗೆ ಅಲೆಯಬೇಕಿಲ್ಲ. ಶಿಕ್ಷಣಕ್ಕೆ ಕೊಡುವ ಪ್ರಮಾಣಪತ್ರ ಬೇರೆ, ಉದ್ಯೋಗಕ್ಕೆ ಕೊಡುವುದು ಬೇರೆ ಎಂಬುದನ್ನು ಗಮನಿಸಿ, ಈಗ ಬೇಕಿರುವುದನ್ನೇ ಕೇಳಿ ಪಡೆಯಿರಿ. ಶಾಲಾ ವ್ಯಾಸಂಗ ಪ್ರಮಾಣಪತ್ರಗಳನ್ನು ಮುಂಚೆಯೇ ಜೋಡಿಸಿಟ್ಟುಕೊಳ್ಳಿ, ಪ್ರವೇಶದ ವೇಳೆಯಲ್ಲಿ ಕಚೇರಿಗಳಲ್ಲಿ ಜನಸಂದಣಿ ಇರುತ್ತದೆ.

ಸರ್ಕಾರಿ ಸೀಟುಗಳಿಗೆ ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರದ ಅಂಕಗಳೇ ಮುಖ್ಯವಾಗುತ್ತವೆ, ಆದ್ದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದ ಪ್ರಕಟಣೆಗಳನ್ನು ಪ್ರತಿದಿನ ನೋಡುತ್ತಿರಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನೀವು ರೈತರ ಮಗಳಾದ್ದರಿಂದ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯ ಬಗ್ಗೆಯೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕಲಬುರಗಿಯಲ್ಲಿ ಉಳಿಯಲು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿವೆ; ಖಾಸಗಿ ಹಾಸ್ಟೆಲ್‌ಗೆ ಮುಂಗಡ ಕೊಡುವ ಮೊದಲು ಅಲ್ಲಿ ಅರ್ಜಿ ಹಾಕಿ.

ಕಾಲೇಜು ನೋಡಲು ಬರುವ ದಿನ ಅಂಕಪಟ್ಟಿಗಳ ನಕಲು ಪ್ರತಿಗಳನ್ನು ಮಾತ್ರ ತನ್ನಿ. ಸೀಟು ಕಾಯ್ದಿರಿಸುತ್ತೇವೆ ಎಂದು ಹೇಳಿ ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವ, ಆಮೇಲೆ ಬೇರೆ ಕಡೆ ಸೀಟು ಸಿಕ್ಕಾಗ ಹಿಂದಿರುಗಿಸಲು ಹಣ ಕೇಳುವ ಸಂಸ್ಥೆಗಳಿಂದ ಹಲವು ಮಕ್ಕಳು ತೊಂದರೆಪಟ್ಟಿದ್ದಾರೆ. ಪ್ರವೇಶ ಅಧಿಕೃತವಾಗಿ ಖಚಿತವಾಗಿ, ಶುಲ್ಕದ ರಸೀದಿ ಕೈಗೆ ಬರುವವರೆಗೆ ಮೂಲ ದಾಖಲೆಗಳು ತಂದೆಯವರ ಬಳಿಯೇ ಇರಲಿ.